"ಬಂದೆ ಅಮ್ಮಾ"

ಕಳಸದ ಹತ್ತಿರ ನಮ್ಮದು ಮೂರು ಎಕರೆ ಕಾಫಿ ತೋಟ. 2021ರ ನವೆಂಬರ್‌ನಲ್ಲಿ ಮಳೆ ಬಿಡಲೇ ಇಲ್ಲ. ಅರೇಬಿಕಾ ಕೊಯ್ಲಿಗೆ ಬಂದಿತ್ತು. ಹಣ್ಣು ಗಿಡದಲ್ಲೇ ಒಡೆದು ಉದುರಿತು. ಒದ್ದೆ ದರಗಿನಲ್ಲಿ ಕುಕ್ಕರುಗಾಲಲ್ಲಿ ಕೂತು ಹೆಕ್ಕಿದೆವು. ಕಾಲಿನ ತುಂಬ ರಕ್ತ ಹೀರುವ ಇಂಬಳ.

ಅದೇ ವರ್ಷ ಮಾವ ಹಾಸಿಗೆ ಹಿಡಿದರು. ರಾತ್ರಿ ಮೂರು ನಾಲ್ಕು ಸಲ "ಮಗಾ" ಅಂತ ಕರೆಯುತ್ತಿದ್ದರು. ನೀರು ಕೊಟ್ಟರೆ ಕುಡಿಯುತ್ತಿರಲಿಲ್ಲ. ಹೊದಿಸಿ ಬಂದು ಮಲಗಿದರೆ ಮತ್ತೆ ಕರೆ. ಬೆಳೆ ಹೋಗಿದ್ದನ್ನು ಹೇಗೋ ತಡೆದುಕೊಂಡೆ. ಈ ನಿದ್ದೆಗೇಡು ಮಾತ್ರ ಸಾಕುಸಾಕಾಗಿತ್ತು.

ಜನವರಿಯ ಒಂದು ರಾತ್ರಿ ಮಾವ ಕರೆದಾಗ ಸಿಟ್ಟಿನಲ್ಲೇ ಎದ್ದೆ. ಹೆಂಚಿನ ಮೇಲೆ ಹನಿ ಬೀಳುವ ಸದ್ದು. ಕಣಕ್ಕೆ ಓಡಿದೆ. ಸಿಪ್ಪೆ ಸಮೇತ ಹತ್ತು ದಿನ ಒಣಗಿಸಿದ ಕಾಫಿ ಹಣ್ಣಿನ ರಾಶಿ, ಮುಚ್ಚಿದ ಟಾರ್ಪಾಲು ಗಾಳಿಗೆ ಮೂಲೆ ಸೇರಿತ್ತು. ಎಳೆದು ಹೊದಿಸಿ ಕಲ್ಲು ಹೇರಿದೆ. ಒಣಗಿದ ಕಾಫಿ ನೆಂದರೆ ಬೂಷ್ಟು ಹಿಡಿಯುತ್ತದೆ, ಮತ್ತೆ ಬೆಲೆ ಎಲ್ಲಿ? ಒದ್ದೆ ಸೆರಗಲ್ಲೇ ಮಾವನ ಪಕ್ಕ ಕೂತೆ. ಹೊರನಾಡಿನ ಅನ್ನಪೂರ್ಣೇಶ್ವರಿಯೇ ಅವರ ಬಾಯಲ್ಲಿ ಕರೆದಳು ಅನ್ನಿಸಿತು. ಇವತ್ತಿಗೂ ಹಾಗೇ ನಂಬಿದ್ದೇನೆ.

ಆಮೇಲೆ ಒಂದು ರೂಢಿ ಮಾಡಿಕೊಂಡೆ. ಮಾವ ಕರೆದ ಕೂಡಲೇ, ಕಾಲು ನೆಲಕ್ಕಿಡುವ ಮೊದಲೇ "ಬಂದೆ ಅಮ್ಮಾ" ಅನ್ನುವುದು. ಮೊದಮೊದಲು ಬಾಯಿ ಹೇಳುತ್ತಿತ್ತು, ಮನಸ್ಸು ಗೊಣಗುತ್ತಿತ್ತು. ಗೊಣಗಾಟ ನಿಲ್ಲಲು ತಿಂಗಳೇ ಬೇಕಾಯಿತು.

ದಿನಾ ಎದ್ದಿದ್ದಕ್ಕೆ ಕಾಫಿ ಉಳಿಯುವುದಿಲ್ಲ ಅಲ್ವಾ? ಎಷ್ಟೋ ರಾತ್ರಿ ಹೋಗಿ ನೋಡಿದರೆ ಕಣದಲ್ಲಿ ಬರೀ ಬೆಳದಿಂಗಳು. ಯಾಕೆ ಎಬ್ಬಿಸಿದಳು ಅಂತ ಹುಡುಕುವುದನ್ನು ಬಿಟ್ಟೆ. ಸುಮ್ನೆ ಮಾವನ ಹತ್ತಿರ ಕೂತೆ. ಆಗ ಗೊತ್ತಾಯಿತು, ಅವರಿಗೆ ನೀರು ಬೇಕಿರಲಿಲ್ಲ. ಕತ್ತಲೆಗೆ ಹೆದರುತ್ತಿದ್ದರು. ನಲವತ್ತು ವರ್ಷ ಒಬ್ಬರೇ ತೋಟ ಕಾದವರು! ಕೈ ಹಿಡಿದರೆ ನನ್ನ ಬೆರಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಿರುವುತ್ತಿದ್ದರು, ಹಣ್ಣು ಬಿಡಿಸುವ ಹಾಗೆ. ಹಾಗೇ ನಿದ್ದೆ ಹೋಗುತ್ತಿದ್ದರು. ನನಗೂ ಅಲ್ಲೇ ಕಣ್ಣು ಹತ್ತುತ್ತಿತ್ತು.

ಬೆಳೆ ಯಾಕೆ ಹೋಯಿತು ಅನ್ನುವುದಕ್ಕೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ. ಅದರಿಂದಾದ ಸಾಲ ತೀರಿಸಲು ಎರಡು ವರ್ಷ ಹಿಡಿಯಿತು. ದೀಪ ಹಚ್ಚುವಾಗ ಅಮ್ಮನನ್ನು ಕೇಳುತ್ತಲೇ ಇದ್ದೇನೆ. ಕೇಳಿದರೆ ಅವಳು ಬೇಜಾರು ಮಾಡಿಕೊಳ್ಳುವುದಿಲ್ಲ.

ಮಾವ ಈಗಿಲ್ಲ. ರೂಢಿ ಉಳಿದಿದೆ. ಮೊನ್ನೆ ಮಿಕ್ಸಿ ಹಾಕಿದ ಕೂಡಲೇ ಕರೆಂಟ್ ಹೋಯಿತು. "ಬಂದೆ ಅಮ್ಮಾ" ಅಂದೆ. ಮಗಳು ಓದು ಬಿಟ್ಟು ಬಂದಳು. ಇಬ್ಬರೂ ಒರಳಿನ ಮುಂದೆ ಕೂತೆವು. ಪರೀಕ್ಷೆಯ ಭಯವನ್ನೆಲ್ಲ ಅವಳು ಹೇಳಿಕೊಂಡಿದ್ದು ಅಲ್ಲೇ.