ಫಿಟ್ಸ್ ಮಾತ್ರೆ ರಕ್ತದಲ್ಲಿ ಎಷ್ಟಿದೆ? ಅಳೆಯುತ್ತಾ ಕಂಡದ್ದು

ನಾನು ಮೆಡಿಕಲ್ ಕಾಲೇಜೊಂದರಲ್ಲಿ ಫಾರ್ಮಕಾಲಜಿ ಕಲಿಸುತ್ತೇನೆ. ಜೊತೆಗೆ ನಮ್ಮ ವಿಭಾಗದ ಒಂದು ಸಣ್ಣ ಲ್ಯಾಬ್ ನೋಡಿಕೊಳ್ಳುತ್ತೇನೆ. ರೋಗಿ ನುಂಗಿದ ಔಷಧಿ ಅವರ ರಕ್ತದಲ್ಲಿ ಎಷ್ಟಿದೆ ಅಂತ ಅಳೆದು ಹೇಳುವುದು ಅಲ್ಲಿನ ಕೆಲಸ. ಆಸ್ಪತ್ರೆಯಲ್ಲಿ ಎಲ್ಲರೂ ಟಿಡಿಎಂ ಲ್ಯಾಬ್ ಅನ್ನುತ್ತಾರೆ. ಎಲ್ಲ ಔಷಧಿಗೂ ಈ ಪರೀಕ್ಷೆ ಬೇಡ. ಗುಣ ಮಾಡುವ ಡೋಸಿಗೂ ಕೆಡುಕು ಮಾಡುವ ಡೋಸಿಗೂ ನಡುವೆ ಜಾಗ ಕಡಿಮೆ ಇರುವಂಥವಕ್ಕೆ ಬೇಕು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ, ಹೃದಯಕ್ಕೆ ಕೊಡುವ ಡಿಗಾಕ್ಸಿನ್, ಕಿಡ್ನಿ ಕಸಿ ಆದವರು ನುಂಗುವ ಟ್ಯಾಕ್ರೋಲಿಮಸ್ ಇವೆಲ್ಲ ಆ ಗುಂಪಿನವು.

ನಡುವಿನ ಆ ಜಾಗವನ್ನು ನಾವು ಒಂದು ಸಂಖ್ಯೆಯಲ್ಲಿ ಹೇಳುತ್ತೇವೆ. ಅದೇ ಥೆರಪ್ಯೂಟಿಕ್ ಇಂಡೆಕ್ಸ್. ಪ್ರತಿ ವರ್ಷ ಎರಡನೇ ವರ್ಷದ ಹುಡುಗರಿಗೆ ಬೋರ್ಡಿನ ಮೇಲೆ ಬರೆಯುತ್ತೇನೆ. ಅರ್ಧ ಪ್ರಾಣಿಗಳಲ್ಲಿ ಔಷಧಿ ಕೆಲಸ ಮಾಡುವ ಡೋಸ್ ಇಡಿ50. ಅರ್ಧ ಪ್ರಾಣಿಗಳನ್ನು ಕೊಲ್ಲುವ ಡೋಸ್ ಎಲ್‌ಡಿ50. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಇಂಡೆಕ್ಸ್ ಬಂತು. ಎಲ್‌ಡಿ50 ಅನ್ನುವ ಅಳತೆಯನ್ನು 1927ರಲ್ಲಿ ಕೊಟ್ಟವರು ಇಂಗ್ಲೆಂಡಿನ ಜೆ. ಡಬ್ಲ್ಯೂ. ಟ್ರೆವಾನ್. ಆಗ ಡಿಜಿಟಾಲಿಸ್, ಇನ್ಸುಲಿನ್‌ನಂಥ ಔಷಧಿಗಳು ಒಂದೊಂದು ಬ್ಯಾಚಿನಲ್ಲಿ ಒಂದೊಂದು ಶಕ್ತಿಯಲ್ಲಿ ಬರುತ್ತಿದ್ದವು. ಅವನ್ನು ಹೋಲಿಸಲು ಏನೋ ಒಂದು ಅಳತೆಗೋಲು ಬೇಕಿತ್ತು. ಮನುಷ್ಯರ ವಿಷಯದಲ್ಲಿ ಸಾವಿನ ಲೆಕ್ಕ ಇಡುವುದಿಲ್ಲ. ಅಲ್ಲಿ ಅರ್ಧ ಜನಕ್ಕೆ ಅಡ್ಡಪರಿಣಾಮ ತರುವ ಡೋಸನ್ನು, ಅಂದರೆ ಟಿಡಿ50ಯನ್ನು ತೆಗೆದುಕೊಳ್ಳುತ್ತೇವೆ.

ಇಂಡೆಕ್ಸ್ 10 ಇದ್ದರೆ ಔಷಧಿ ಸೇಫ್ ಅಲ್ವಾ ಅಂತ ಹುಡುಗರು ಕೇಳುತ್ತಾರೆ. ಹಾಗೇನೂ ಇಲ್ಲ. ಇಡಿ50 10 ಮಿಲಿಗ್ರಾಂ, ಎಲ್‌ಡಿ50 100 ಮಿಲಿಗ್ರಾಂ ಅಂದುಕೊಳ್ಳಿ. ಎರಡೂ ಅರ್ಧ ಗುಂಪಿನ ಲೆಕ್ಕ. ಆದರೆ ನೂರರಲ್ಲಿ 99 ಪ್ರಾಣಿಗಳಿಗೆ ಗುಣ ಆಗಲು 60 ಮಿಲಿಗ್ರಾಂ ಬೇಕಾಗಿ, ನೂರರಲ್ಲಿ ಒಂದು ಪ್ರಾಣಿ 40 ಮಿಲಿಗ್ರಾಂಗೇ ಸತ್ತರೆ? ಎಲ್ಲರನ್ನೂ ಗುಣ ಮಾಡಲು ಹೊರಟರೆ ಕೆಲವರನ್ನು ಕಳೆದುಕೊಳ್ಳಬೇಕಾಗುತ್ತದೆ. ಅದಕ್ಕೇ ಎಲ್‌ಡಿ1 ಮತ್ತು ಇಡಿ99 ಇವುಗಳ ಅನುಪಾತವನ್ನೂ ನೋಡಬೇಕು. ನನ್ನ ಮಟ್ಟಿಗೆ ಹೆಚ್ಚು ಪ್ರಾಮಾಣಿಕ ಸಂಖ್ಯೆ ಅದೇ.

ಅದೂ ಪ್ರಾಣಿಯ ಸಂಖ್ಯೆಯೇ. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಅನ್ನುವ ಹೊಸ ಔಷಧಿಯನ್ನು ಆರು ಆರೋಗ್ಯವಂತ ಯುವಕರಿಗೆ ಮೊದಲ ಸಲ ಕೊಟ್ಟರು. ಕೋತಿಗಳಲ್ಲಿ ತೊಂದರೆ ಕೊಡದ ಡೋಸಿನ 500ರಲ್ಲಿ ಒಂದು ಪಾಲು ಅಷ್ಟೇ ಕೊಟ್ಟಿದ್ದು. ಆರೂ ಜನ ಐಸಿಯು ಸೇರಿದರು. ಜೀವ ಉಳಿಯಿತು, ಸದ್ಯ. ಅದಾದ ಮೇಲೆ ಇಂಥ ಔಷಧಿಗಳ ಮೊದಲ ಡೋಸ್ ಲೆಕ್ಕ ಹಾಕುವ ರೀತಿಯೇ ಬದಲಾಯಿತು. ಪ್ರಾಣಿಗೆ ಎಷ್ಟು ಕೊಟ್ಟರೆ ತೊಂದರೆ ಇಲ್ಲ ಅನ್ನುವುದರ ಜೊತೆಗೆ, ಮನುಷ್ಯನ ಜೀವಕೋಶದಲ್ಲಿ ಎಷ್ಟು ಕಡಿಮೆ ಪ್ರಮಾಣಕ್ಕೇ ಔಷಧಿ ಕೆಲಸ ಶುರು ಮಾಡುತ್ತದೆ ಅಂತಲೂ ಈಗ ನೋಡುತ್ತಾರೆ.

ಇಂಡೆಕ್ಸಿನ ಉಪಯೋಗ ಇಷ್ಟೇ: ಯಾವ ಔಷಧಿಗೆ ಹೆದರಬೇಕು ಅಂತ ಅದು ಹೇಳುತ್ತದೆ. ನಿಮ್ಮೆದುರು ಕೂತ ಮನುಷ್ಯನ ಮೈಯಲ್ಲಿ ಏನಾಗುತ್ತಿದೆ ಅಂತ ಹೇಳುವುದಿಲ್ಲ. ಅದನ್ನು ಅಳೆದೇ ನೋಡಬೇಕು.

ನಾವು ಲ್ಯಾಬ್ ಶುರು ಮಾಡಿದಾಗ ಮೊದಲು ಆರಿಸಿಕೊಂಡದ್ದು ಫೆನಿಟಾಯಿನ್. ಅಗ್ಗದ ಔಷಧಿ, ಹಳ್ಳಿ ಕಡೆಯಿಂದ ಬರುವ ಎಷ್ಟೋ ರೋಗಿಗಳು ವರ್ಷಗಟ್ಟಲೆ ನುಂಗುತ್ತಿರುತ್ತಾರೆ. ರಕ್ತದಲ್ಲಿ ಇರಬೇಕಾದ ಮಟ್ಟ ಒಂದು ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ. ನಾವು ಅಳೆಯುವುದು ಎಚ್‌ಪಿಎಲ್‌ಸಿ ಯಂತ್ರದಲ್ಲಿ. ದ್ರವದಲ್ಲಿ ಬೆರೆತಿರುವುದನ್ನು ಬೇರೆ ಬೇರೆ ಮಾಡಿ ಅಳೆಯುವ ಯಂತ್ರ ಅದು. ರಕ್ತದಿಂದ ಪ್ಲಾಸ್ಮಾ ಬೇರೆ ಮಾಡಿ, ಅಸಿಟೋನೈಟ್ರೈಲ್ ಅನ್ನುವ ದ್ರಾವಕ ಹಾಕಿ ಪ್ರೋಟೀನ್ ಕೆಳಗೆ ಕೂರಿಸುತ್ತೇವೆ. ಸೆಂಟ್ರಿಫ್ಯೂಜ್ ತಿರುಗಿಸಿ ಮೇಲಿನ ತಿಳಿಯನ್ನು ಯಂತ್ರಕ್ಕೆ ಬಿಡುತ್ತೇವೆ. ಅದಕ್ಕೂ ಮೊದಲು ಔಷಧಿ ಇಲ್ಲದ ಪ್ಲಾಸ್ಮಾಕ್ಕೆ ನಾವೇ 2.5, 5, 10, 20, 40 ಮೈಕ್ರೋಗ್ರಾಂ ಲೆಕ್ಕದಲ್ಲಿ ಫೆನಿಟಾಯಿನ್ ಬೆರೆಸಿ ಓಡಿಸಿರಬೇಕು. ಗ್ರಾಫಿನಲ್ಲಿ ಐದೂ ಬಿಂದು ಒಂದೇ ಗೆರೆಯ ಮೇಲೆ ಕೂರಬೇಕು. ಪ್ರತಿ ದಿನ ರೋಗಿಗಳ ಸ್ಯಾಂಪಲ್ ಜೊತೆ ನಮಗೆ ಮಟ್ಟ ಗೊತ್ತಿರುವ ಕಂಟ್ರೋಲ್ ಸ್ಯಾಂಪಲ್‌ಗಳೂ ಓಡುತ್ತವೆ. ಅವುಗಳ ಉತ್ತರ ಶೇ. 15ಕ್ಕಿಂತ ಜಾಸ್ತಿ ಆಚೀಚೆ ಆದರೆ ಆ ದಿನದ ರಿಪೋರ್ಟ್ ಹೊರಗೆ ಹೋಗುವುದಿಲ್ಲ. ವಾರ್ಡಿನಿಂದ ಎಷ್ಟೇ ಫೋನ್ ಬಂದರೂ ಅಷ್ಟೇ.

ಯಂತ್ರದ ಕೆಲಸ ಕಲಿಯುವುದು ಕಷ್ಟ ಆಗಲಿಲ್ಲ. ಕಷ್ಟ ಆಗಿದ್ದು ಚೀಟಿ ತುಂಬಿಸುವುದು. ಬರುವ ಫಾರಂನಲ್ಲಿ ಹೆಸರು, ವಯಸ್ಸು, 'ಫೆನಿಟಾಯಿನ್ ಲೆವೆಲ್' ಅಂತ ಇಷ್ಟೇ ಇರುತ್ತಿತ್ತು. ಮಾತ್ರೆ ಎಷ್ಟು ಹೊತ್ತಿಗೆ ನುಂಗಿದರು, ರಕ್ತ ಎಷ್ಟು ಹೊತ್ತಿಗೆ ತೆಗೆದರು, ಈ ಡೋಸ್ ಶುರುವಾಗಿ ಎಷ್ಟು ದಿನ ಆಯಿತು ಅನ್ನುವುದು ಇಲ್ಲದಿದ್ದರೆ ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಮುಂದಿನ ಮಾತ್ರೆ ನುಂಗುವ ಮುಂಚೆ ರಕ್ತ ತೆಗೆಯಬೇಕು. ಡೋಸ್ ಬದಲಾದ ಮೂರನೇ ದಿನಕ್ಕೇ ಅಳೆದರೂ ಪ್ರಯೋಜನ ಇಲ್ಲ. ಫೆನಿಟಾಯಿನ್ ಮಟ್ಟ ಒಂದು ಕಡೆ ನಿಲ್ಲಲು ಒಂದೆರಡು ವಾರ ಬೇಕು, ಕೆಲವರಲ್ಲಿ ಇನ್ನೂ ಜಾಸ್ತಿ. ಹಾಗಾಗಿ ನಾನೇ ಫಾರಂ ಹೊಸದಾಗಿ ಬರೆದೆ. ಎರಡು ಸಮಯದ ಮನೆಗಳನ್ನು ದಪ್ಪ ಗೆರೆಯಲ್ಲಿ ಮೇಲ್ಗಡೆಯೇ ಹಾಕಿಸಿದೆ. ಖಾಲಿ ಬಂದರೆ ಸ್ಯಾಂಪಲ್ ವಾಪಸ್ ಕಳಿಸುವುದಿಲ್ಲ, ಪಾಪ ರೋಗಿಯ ರಕ್ತ ಅದು. ನಾವೇ ವಾರ್ಡಿಗೆ ಹೋಗಿ ಕೇಳಿಕೊಂಡು ಬರುತ್ತೇವೆ. ಕೇಳಲು ಹೋಗಿದ್ದರಿಂದಲೇ ನನಗೆ ರೋಗಿಗಳ ಪರಿಚಯ ಆಗಿದ್ದು.

ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಿದ್ದರು. ಇಪ್ಪತ್ತರ ಆಸುಪಾಸಿನ ಹುಡುಗ. ರಾತ್ರಿ ಮೂರು ಮಾತ್ರೆ, ಅಂದರೆ 300 ಮಿಲಿಗ್ರಾಂ ನುಂಗುತ್ತಿದ್ದ. ಆದರೂ ಆಗಾಗ ಫಿಟ್ಸ್ ಬರುತ್ತಿತ್ತು ಅಂತ ನಾಲ್ಕಕ್ಕೆ ಏರಿಸಿದ್ದರು. ಎರಡು ವಾರ ಕಳೆದಿತ್ತು.

"ಮೇಡಂ, ನನ್ ಮಗ ಒಂದ್ ತೊಟ್ಟೂ ಕುಡಿಯಲ್ಲ. ಆದ್ರೆ ಕುಡಿದೋನ್ ಥರ ತೂರಾಡ್ತಾನೆ. ಊರಲ್ಲಿ ಎಲ್ರೂ ಆಡ್ಕೋತಾರೆ" ಅಂದರು.

"ಮಾತ್ರೆ ಏನಾದ್ರೂ ಎರಡೆರಡು ಸಲ ಕೊಟ್ಟಿದ್ದೀರಾ ಅಮ್ಮ?"

"ಇಲ್ಲ ಮೇಡಂ, ಡಾಕ್ಟ್ರು ಹೇಳ್ದಂಗೇ, ಊಟ ಆದ್ಮೇಲೆ ನಾನೇ ಎಣಿಸಿ ಕೊಡ್ತೀನಿ."

ಅವರು ಹೇಳಿದ್ದು ನಿಜವೇ. ಹುಡುಗನಿಗೆ ನನ್ನ ಬೆರಳು ನೋಡುತ್ತಾ ಇರು ಅಂದೆ. ಬೆರಳನ್ನು ಪಕ್ಕಕ್ಕೆ ಸರಿಸಿದಾಗ ಅವನ ಕಣ್ಣುಗುಡ್ಡೆ ಬೆರಳಿನ ಜೊತೆ ಹೋಗಿ ನಿಲ್ಲುತ್ತಿರಲಿಲ್ಲ, ಜಗ್ಗಿ ಜಗ್ಗಿ ಹೊಡೆದುಕೊಳ್ಳುತ್ತಿತ್ತು. ಮಟ್ಟ 20 ದಾಟಿದರೆ ಸಾಮಾನ್ಯವಾಗಿ ಮೊದಲು ಕಾಣುವುದು ಕಣ್ಣಿನ ಈ ಅದುರು. 30ರ ಹತ್ತಿರ ಬಂದರೆ ನಡಿಗೆ ತಪ್ಪುತ್ತದೆ. 40 ದಾಟಿದರೆ ಮಂಪರು, ಗೊಂದಲ. ಹುಡುಗನ ರಿಪೋರ್ಟ್ ಬಂತು: 29.

ಡೋಸ್ ಜಾಸ್ತಿ ಆಗಿದ್ದು ಮೂರರಲ್ಲಿ ಒಂದು ಪಾಲು. ಇಷ್ಟೊಂದು ಏರಿದ್ದು ಹೇಗೆ? ಫೆನಿಟಾಯಿನ್ನಿನ ಗುಟ್ಟೇ ಇದು. ಹೆಚ್ಚಿನ ಔಷಧಿಗಳು ರಕ್ತದಲ್ಲಿ ಎಷ್ಟು ಏರಿದರೆ ಲಿವರ್ ಅಷ್ಟೇ ಜೋರಾಗಿ ಹೊರಹಾಕುತ್ತದೆ. ಫೆನಿಟಾಯಿನ್ ಒಡೆಯುವ ಎಂಜೈಮಿಗೆ ಒಂದು ಮಿತಿ ಇದೆ. ನ್ಯಾಯಬೆಲೆ ಅಂಗಡಿಯಲ್ಲಿ ಒಂದೇ ತಕ್ಕಡಿ ಇದ್ದ ಹಾಗೆ. ಗಂಟೆಗೆ ಇಷ್ಟೇ ಜನಕ್ಕೆ ಅಕ್ಕಿ ತೂಗಲು ಸಾಧ್ಯ, ಅದಕ್ಕಿಂತ ಒಂದಿಬ್ಬರು ಜಾಸ್ತಿ ಬರುತ್ತಾ ಹೋದರೂ ಸಾಲು ರಸ್ತೆ ತನಕ ಬೆಳೆಯುತ್ತದೆ. ಲೆಕ್ಕ ಹಾಕಿಯೇ ತೋರಿಸುತ್ತೇನೆ. 60 ಕೆಜಿ ತೂಕದವರ ಲಿವರ್ ದಿನಕ್ಕೆ ಹೆಚ್ಚೆಂದರೆ 420 ಮಿಲಿಗ್ರಾಂ ಒಡೆಯಬಲ್ಲದು ಅಂತ ಇಟ್ಟುಕೊಳ್ಳಿ. ಅದರ ಅರ್ಧ ವೇಗ ತಲುಪುವ ಮಟ್ಟ 4 ಮೈಕ್ರೋಗ್ರಾಂ. ಮಾತ್ರೆಯಲ್ಲಿರುವುದು ಸೋಡಿಯಂ ಲವಣ, ಅದರಲ್ಲಿ ನಿಜವಾದ ಫೆನಿಟಾಯಿನ್ ಶೇ. 92. ಆಗ ದಿನಕ್ಕೆ 300 ಕೊಟ್ಟರೆ ರಕ್ತದ ಮಟ್ಟ ಸುಮಾರು 8. ಫಿಟ್ಸ್ ನಿಲ್ಲದಿದ್ದರೆ ಆಶ್ಚರ್ಯ ಇಲ್ಲ. 350 ಕೊಟ್ಟರೆ 13. 400 ಕೊಟ್ಟರೆ 28. ಮೊದಲ 50 ಮಿಲಿಗ್ರಾಂಗೆ ಏರಿದ್ದು 5, ಮುಂದಿನ 50ಕ್ಕೆ 15. ಕ್ಲಾಸಿನಲ್ಲಿ ಹುಡುಗರ ಎದುರು ಈ ಮೂರು ಸಂಖ್ಯೆ ಬರೆದು ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತೇನೆ. ಪುಸ್ತಕದ ವ್ಯಾಖ್ಯೆಗಿಂತ ಇದು ಚೆನ್ನಾಗಿ ಮನಸ್ಸಿನಲ್ಲಿ ಕೂರುತ್ತದೆ.

ನರರೋಗದ ಡಾಕ್ಟರ ಜೊತೆ ಮಾತಾಡಿ ಮಾತ್ರೆ ಸ್ವಲ್ಪ ನಿಲ್ಲಿಸಿದೆವು. ಇಳಿಯುವುದೂ ನಿಧಾನವೇ. ಆಮೇಲೆ 350ಕ್ಕೆ ತಂದರು, ನೂರರ ಮೂರು, ಐವತ್ತರ ಒಂದು. ಮುಂದಿನ ಸಲ ಅಳೆದಾಗ ಮಟ್ಟ ಗೆರೆಯೊಳಗಿತ್ತು, ನಡಿಗೆ ನೆಟ್ಟಗಾಗಿತ್ತು. ಆ ತಾಯಿಗೆ ಒಂದು ಚೀಟಿ ಕನ್ನಡದಲ್ಲಿ ಬರೆದು ಕೊಟ್ಟೆ. ಎರಡು ಬಣ್ಣದ ಮಾತ್ರೆ, ಎಷ್ಟೆಷ್ಟು, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು ಅಂತ. ಊರಿನವರಿಗೂ ತೋರಿಸಲಿ ಅಂತ ಕೊನೆಯಲ್ಲಿ 'ತೂರಾಟ ಬಂದದ್ದು ಔಷಧಿಯಿಂದ, ಕುಡಿತದಿಂದ ಅಲ್ಲ' ಅಂತಲೂ ಸೇರಿಸಿದೆ.

ಕಂಪನಿ ಬದಲಾದರೂ ಏನಂತೆ, ಮಾತ್ರೆ ಒಂದೇ ತಾನೇ ಅಂತ ಜನ ಕೇಳುತ್ತಾರೆ. ಎಷ್ಟೋ ಔಷಧಿಗಳಿಗೆ ಆ ಮಾತು ಸರಿ. ಫೆನಿಟಾಯಿನ್‌ಗೆ ಎಚ್ಚರ ಬೇಕು. 1968ರ ಹೊತ್ತಿಗೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಅದೇ ಡೋಸ್ ನುಂಗುತ್ತಿದ್ದ ರೋಗಿಗಳು ಇದ್ದಕ್ಕಿದ್ದಂತೆ ತೂರಾಡತೊಡಗಿದರು. ಕ್ಯಾಪ್ಸೂಲಿನಲ್ಲಿ ಔಷಧಿಯ ಪ್ರಮಾಣ ಬದಲಾಗಿರಲಿಲ್ಲ. ಜೊತೆಗೆ ತುಂಬುವ ಪುಡಿ ಬದಲಾಗಿತ್ತು, ಕ್ಯಾಲ್ಸಿಯಂ ಸಲ್ಫೇಟ್ ಬದಲು ಲ್ಯಾಕ್ಟೋಸ್. ಲ್ಯಾಕ್ಟೋಸ್ ಜೊತೆ ಫೆನಿಟಾಯಿನ್ ಹೆಚ್ಚು ಪ್ರಮಾಣದಲ್ಲಿ ರಕ್ತ ಸೇರಿತು. ಹೀಗಾಗಿ ಕಂಪನಿ ಬದಲಾದರೆ ಡಾಕ್ಟರಿಗೆ ಹೇಳಿ, ಒಂದು ಸಲ ಮಟ್ಟ ಅಳೆಸಿ ಅನ್ನುತ್ತೇನೆ.

ಇನ್ನೊಂದು ವಿಷಯ ಆಲ್ಬುಮಿನ್. ರಕ್ತದಲ್ಲಿರುವ ಫೆನಿಟಾಯಿನ್‌ನಲ್ಲಿ ಶೇ. 90ರಷ್ಟು ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಮಿದುಳಿಗೆ ಹೋಗಿ ಕೆಲಸ ಮಾಡುವುದು ಅಂಟದೆ ಉಳಿದ ಭಾಗ ಮಾತ್ರ. ನಾವು ಸಾಮಾನ್ಯವಾಗಿ ಅಳೆಯುವುದು ಎರಡೂ ಸೇರಿದ ಒಟ್ಟು ಮೊತ್ತ. ಆಲ್ಬುಮಿನ್ ಕುಸಿದ ರೋಗಿಯಲ್ಲಿ ಒಟ್ಟು ಕಡಿಮೆ ಕಾಣುತ್ತದೆ, ಅಂಟದ ಭಾಗ ಸಾಕಷ್ಟಿರುತ್ತದೆ. ಒಮ್ಮೆ ವಾರ್ಡಿನಲ್ಲಿ ಮಟ್ಟ 9 ಬಂತು, ಡೋಸ್ ಏರಿಸೋಣ ಅಂತ ಯೋಚನೆ ನಡೆದಿತ್ತು. ಆಲ್ಬುಮಿನ್ ಎಷ್ಟು ಅಂತ ಕೇಳಿದೆ. 100 ಮಿಲಿಲೀಟರಿಗೆ 2 ಗ್ರಾಂ. ಇದಕ್ಕೆ ಶೈನರ್ ಮತ್ತು ಟೋಝರ್ ಹೆಸರಿನ ಸೂತ್ರ ಇದೆ. ಆಲ್ಬುಮಿನ್ನನ್ನು 0.2ರಿಂದ ಗುಣಿಸಿ 0.1 ಕೂಡಿಸಿ, ಬಂದದ್ದರಿಂದ ಮಟ್ಟವನ್ನು ಭಾಗಿಸಬೇಕು. 9ನ್ನು 0.5ರಿಂದ ಭಾಗಿಸಿದರೆ 18. ಏರಿಸುವುದು ಬೇಡವೇ ಬೇಡ. ಈಗ ನಮ್ಮ ಫಾರಂನಲ್ಲಿ ಆಲ್ಬುಮಿನ್‌ಗೂ ಒಂದು ಮನೆ ಇದೆ.

ಟಿಬಿ ಮಾತ್ರೆ ಇದೆಯಾ ಅಂತಲೂ ತಪ್ಪದೆ ಕೇಳುತ್ತೇವೆ. ಐಸೋನಿಯಾಜಿಡ್ ಫೆನಿಟಾಯಿನ್ ಮಟ್ಟವನ್ನು ಏರಿಸುತ್ತದೆ, ರಿಫಾಂಪಿಸಿನ್ ಇಳಿಸುತ್ತದೆ. ಎರಡೂ ಒಟ್ಟಿಗೆ ನುಂಗುವವರಲ್ಲಿ ಯಾವ ಕಡೆ ವಾಲುತ್ತದೆ ಅಂತ ಅಳೆದೇ ತಿಳಿಯಬೇಕು.

ಇಷ್ಟೆಲ್ಲ ಅಳೆದರೂ ಒಂದು ಮಾತಿನ ಮೇಲೆ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ಮಟ್ಟ 7 ಇದ್ದು ಫಿಟ್ಸ್ ಬರದೆ ಆರಾಮಾಗಿರುವವರ ಡೋಸ್ ಮುಟ್ಟಬಾರದು. 10ರ ಗೆರೆಗೆ ಏರಿಸಬೇಕು ಅಂತ ರಿಪೋರ್ಟ್ ಹಿಡಿದು ಹಟ ಮಾಡುವವರಿಗೆ ಫೋನ್ ಮಾಡಿಯೇ ಹೇಳುತ್ತೇನೆ.

ಲಿಥಿಯಂ ಆಮೇಲೆ ಸೇರಿಸಿದ್ದು. ಅದರ ಗೆರೆ ಇನ್ನೂ ಕಿರಿದು. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1 ಮಿಲಿಮೋಲ್ ಸಾಕು, 1.5 ದಾಟಿದರೆ ಅಪಾಯ. ಕೊನೆಯ ಮಾತ್ರೆ ನುಂಗಿ 12 ಗಂಟೆಗೆ ಸರಿಯಾಗಿ ರಕ್ತ ತೆಗೆಯಬೇಕು. ಕಿಡ್ನಿ ಲಿಥಿಯಂ ಅನ್ನು ಉಪ್ಪಿನ ಸೋಡಿಯಂ ಥರವೇ ನೋಡುತ್ತದೆ. ಬಿಪಿ ಅಂತ ಉಪ್ಪು ಒಮ್ಮೆಲೇ ಬಿಟ್ಟರೆ, ಬೇಸಿಗೆಯಲ್ಲಿ ಹೊಲದಲ್ಲಿ ಬೆವರಿ ನೀರು ಕುಡಿಯದಿದ್ದರೆ, ವಾಂತಿ ಭೇದಿ ಆದರೆ ಸೋಡಿಯಂ ಜೊತೆ ಲಿಥಿಯಂ ಅನ್ನೂ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಮಟ್ಟ ಏರಿಸುತ್ತವೆ. ಲಿಥಿಯಂ ನುಂಗುವವರ ಮನೆಯವರಿಗೆ ನಾನು ಮೊದಲು ಹೇಳುವುದೇ ನೋವಿನ ಮಾತ್ರೆ ಕೇಳದೆ ಕೊಡಬೇಡಿ ಅಂತ.

ಸಿಸ್ಟರ್‌ಗಳಿಗೆ ಹೇಳುವುದು ರಕ್ತ ತೆಗೆಯುವ ಟ್ಯೂಬಿನ ಬಗ್ಗೆ. ಹಸಿರು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಹಾಕುವುದು ಹೆಪಾರಿನ್, ಎಷ್ಟೋ ಸಲ ಅದರ ಲಿಥಿಯಂ ಲವಣ. ಅದರಲ್ಲಿ ರಕ್ತ ಹಾಕಿದರೆ ಟ್ಯೂಬಿನ ಲಿಥಿಯಂ ಕೂಡ ಲೆಕ್ಕಕ್ಕೆ ಬರುತ್ತದೆ. ಮಟ್ಟ ಸರಿ ಇರುವವರಿಗೂ ವಿಷದ ಮಟ್ಟ ಕಾಣಬಹುದು, ಬೇಡದ ಡಯಾಲಿಸಿಸ್ ತನಕ ಮಾತು ಹೋಗಬಹುದು. ಆರಾಮಾಗಿ ಮಾತಾಡುತ್ತಾ ಕೂತವರ ರಿಪೋರ್ಟಿನಲ್ಲಿ ಲಿಥಿಯಂ 3 ಅಂತ ಬಂದರೆ ನಾವು ಮೊದಲು ಕೇಳುವುದು ಮುಚ್ಚಳದ ಬಣ್ಣ. ಕೆಂಪು ಮುಚ್ಚಳದ ಟ್ಯೂಬಿನಲ್ಲಿ ಇನ್ನೊಂದು ಸ್ಯಾಂಪಲ್ ತರಿಸಿ, ಅದೇ ದಿನ ಮತ್ತೆ ಓಡಿಸಿದ ಮೇಲೆಯೇ ರಿಪೋರ್ಟಿಗೆ ಸಹಿ.