ಕೆಮ್ಮಿನ ಸಿರಪ್ಪಿನಿಂದ ಡೋಪ್ ಟೆಸ್ಟಿನ ಬಾಟಲಿವರೆಗೆ: ಮಲೆನಾಡಿನ ಆಟಗಾರರಿಗೊಂದು ಕೈಪಿಡಿ

ಮಲೆನಾಡಿನಲ್ಲಿ ಜೂನ್ ಹಿಡಿದರೆ ಅಕ್ಟೋಬರ್‌ವರೆಗೂ ಮನೆಯಲ್ಲೋ ಹಾಸ್ಟೆಲ್ಲಿನಲ್ಲೋ ಯಾರಾದರೊಬ್ಬರು ಕೆಮ್ಮುತ್ತಲೇ ಇರುತ್ತಾರೆ. ಒಣಗದ ಬಟ್ಟೆ, ಗೋಡೆಗೆ ಹಿಡಿದ ಬೂಷ್ಟು, ಬೆಳಿಗ್ಗೆ ಒದ್ದೆ ಮೈದಾನದಲ್ಲಿ ಓಟ. ಮೆಡಿಕಲ್ ಶಾಪಿಗೆ ಹೋಗಿ "ಕಫಕ್ಕೆ ಒಂದು ಸಿರಪ್ ಕೊಡಿ" ಅಂದಾಗ ಕೈಗೆ ಬರುವ ಬಾಟಲಿಯನ್ನು ಒಮ್ಮೆ ತಿರುಗಿಸಿ, ಹಿಂಬದಿಯ ಸಣ್ಣಕ್ಷರ ಓದಿ. ಪ್ರತಿ 5 ಮಿ.ಲೀ.ಗೆ ಟರ್ಬ್ಯುಟಲಿನ್ 1.25 ಮಿ.ಗ್ರಾಂ, ಬ್ರೋಮ್‌ಹೆಕ್ಸಿನ್ 4 ಮಿ.ಗ್ರಾಂ, ಗ್ವೈಫೆನೆಸಿನ್ 50 ಮಿ.ಗ್ರಾಂ ಎಂದು ಬರೆದಿರುವ ಬಾಟಲಿ ನಮ್ಮ ಕಡೆ ಮಾಮೂಲು. ಕೊನೆಯ ಎರಡರಿಂದ ತೊಂದರೆಯಿಲ್ಲ. ಮೊದಲನೆಯದು ಮಾತ್ರ ಜಾಗತಿಕ ಉದ್ದೀಪನ ಮದ್ದು ತಡೆ ಸಂಸ್ಥೆಯ, ಅಂದರೆ ವಾಡಾದ, ನಿಷೇಧಿತ ಪಟ್ಟಿಯಲ್ಲಿದೆ. ಪಂದ್ಯದ ದಿನ ಮಾತ್ರವಲ್ಲ, ವರ್ಷದ 365 ದಿನವೂ.

"ಗೊತ್ತಿರಲಿಲ್ಲ" ಅಂದರೆ ನಡೆಯುವುದಿಲ್ಲ. ಮೈಯಲ್ಲಿ ಏನು ಸಿಕ್ಕಿತೋ ಅದರ ಹೊಣೆ ಆಟಗಾರನದೇ, ಕೊಟ್ಟವರು ಡಾಕ್ಟರಾಗಲಿ, ಪಿಟಿ ಮೇಷ್ಟ್ರಾಗಲಿ, ಹೆತ್ತ ತಾಯಿಯೇ ಆಗಲಿ. ತಿಳಿಯದೆ ತೆಗೆದುಕೊಂಡದ್ದು ಅಂತ ಸಾಬೀತು ಮಾಡಿದರೆ ಶಿಕ್ಷೆ ಇಳಿಯಬಹುದು, ಆ ಪಂದ್ಯದ ಫಲಿತಾಂಶ ಮಾತ್ರ ಹೋದ ಹಾಗೆಯೇ. ಉದ್ದೇಶಪೂರ್ವಕವಾಗಿ ಸ್ನಾಯು ಬೆಳೆಸುವ ಸ್ಟೆರಾಯ್ಡ್ ತೆಗೆದುಕೊಂಡವರಿಗೆ ಸಾಮಾನ್ಯವಾಗಿ 4 ವರ್ಷದ ನಿಷೇಧ.

ಘಟ್ಟದ ಕೆಳಗಿನ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದವರು. 2011ರಲ್ಲಿ ಅವರೂ ಸೇರಿ ಭಾರತದ ಹಲವು ಓಟಗಾರ್ತಿಯರ ಪರೀಕ್ಷೆಯಲ್ಲಿ ಸ್ಟೆರಾಯ್ಡ್ ಕಂಡುಬಂತು. ಕೋಚ್ ಕೊಟ್ಟ ಜಿನ್‌ಸೆಂಗ್ ಪೂರಕದಲ್ಲಿ ಅದು ಬೆರೆತಿತ್ತು ಎಂಬುದು ಅವರ ವಾದ. ದೇಶದೊಳಗಿನ ಸಮಿತಿ ಒಂದು ವರ್ಷದ ನಿಷೇಧ ಹಾಕಿ ಬಿಟ್ಟಿತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಅದನ್ನು ಎರಡು ವರ್ಷ ಮಾಡಿತು, ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಕೋಚ್ ಕೊಟ್ಟದ್ದು ಎಂಬ ಮಾತಿಗೆ ಎಷ್ಟು ಬೆಲೆ ಎಂದು ಕೇಳುವವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಸಾಲ್ಟ್ ನೋಡಿ, ಬ್ರ್ಯಾಂಡ್ ಅಲ್ಲ

ಸಾಲ್ಟ್ ಅಂದರೆ ಬಾಟಲಿಯೊಳಗಿನ ನಿಜವಾದ ಔಷಧ. ಒಂದೇ ಬ್ರ್ಯಾಂಡಿನ ಹೆಸರಿಗೆ ಎರಡಕ್ಷರ ಹೆಚ್ಚು ಸೇರಿದರೆ ಒಳಗಿನ ಔಷಧವೇ ಬದಲಾಗುತ್ತದೆ. ಅದಕ್ಕೇ "ಹೋದ ಸಲ ಇದನ್ನೇ ಕುಡಿದಿದ್ದೆ" ಅನ್ನುವುದು ಲೆಕ್ಕಕ್ಕಿಲ್ಲ. ಔಷಧ ಕೊಂಡಾಗ ಈ ಕ್ರಮ ರೂಢಿಸಿಕೊಳ್ಳಿ. ಡಾಕ್ಟರ ಮುಂದೆ ಕೂತ ಕೂಡಲೇ "ನಾನು ಆಟಗಾರ, ಡೋಪ್ ಟೆಸ್ಟ್ ಇರುತ್ತೆ" ಎಂದು ಹೇಳಿ, ಚೀಟಿಯ ಮೇಲೂ ಬರೆಸಿ. ಅಂಗಡಿಯಲ್ಲಿ ಬದಲಿ ಬ್ರ್ಯಾಂಡ್ ಕೊಟ್ಟರೆ ಪ್ರತಿಯೊಂದು ಸಾಲ್ಟಿನ ಹೆಸರನ್ನೂ ಓದಿ. ಭಾರತದ ಉದ್ದೀಪನ ಮದ್ದು ತಡೆ ಸಂಸ್ಥೆಯ, ಅಂದರೆ ನಾಡಾದ, 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ಆ ಹೆಸರುಗಳನ್ನು ಹಾಕಿ ನೋಡಿ, ತೆರೆಯ ಚಿತ್ರ ತೆಗೆದಿಡಿ. ಘಟ್ಟದ ಊರುಗಳಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಬಾಟಲಿಯ ಫೋಟೋ ತೆಗೆದುಕೊಂಡು ಸಿಗ್ನಲ್ ಬಂದಮೇಲೆ ನೋಡಿ, ಅಲ್ಲಿಯವರೆಗೆ ಮುಚ್ಚಳ ತೆಗೆಯಬೇಡಿ. ನಿಷೇಧಿತ ಪಟ್ಟಿ ಪ್ರತಿ ಜನವರಿ 1ಕ್ಕೆ ಹೊಸದಾಗುತ್ತದೆ. ನೋವಿಗೆ ಕೊಡುವ ಟ್ರಮಡಾಲ್ 2023ರವರೆಗೆ ಪಟ್ಟಿಯಲ್ಲಿರಲಿಲ್ಲ, 2024ರಿಂದ ಪಂದ್ಯದ ವೇಳೆ ನಿಷಿದ್ಧ.

ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್, ಸೆಟ್ರಿಜಿನ್, ಆಂಟಿಬಯೋಟಿಕ್‌ಗಳಿಗೆ ನಿಷೇಧವಿಲ್ಲ. ಕೆಮ್ಮಿಗೆ ಆ್ಯಂಬ್ರಾಕ್ಸಾಲ್ ಅಥವಾ ಡೆಕ್ಸ್‌ಟ್ರೊಮೆಥಾರ್ಫಾನ್ ಮಾತ್ರ ಇರುವ ಸಿರಪ್ ಕೇಳಿ ಪಡೆಯಬಹುದು. ಮೂಗು ಕಟ್ಟಿದ್ದಕ್ಕೆ ಕೊಡುವ ಮಾತ್ರೆಯಲ್ಲಿ ಸ್ಯೂಡೊಎಫೆಡ್ರಿನ್ ಇದ್ದರೆ, ಮೂತ್ರದಲ್ಲಿ ಪ್ರತಿ ಮಿ.ಲೀ.ಗೆ 150 ಮೈಕ್ರೋಗ್ರಾಂ ದಾಟಿದರೆ ಸಿಕ್ಕಿಬೀಳುತ್ತೀರಿ. ಪಂದ್ಯಕ್ಕೆ ಕನಿಷ್ಠ 24 ಗಂಟೆ ಮೊದಲೇ ನಿಲ್ಲಿಸಿ. 'ಪಂದ್ಯದ ವೇಳೆ' ಎಂಬುದು ಸಾಮಾನ್ಯವಾಗಿ ಹಿಂದಿನ ರಾತ್ರಿ 11.59ಕ್ಕೇ ಶುರುವಾಗುತ್ತದೆ ಎಂಬುದೂ ನೆನಪಿರಲಿ.

ಉಬ್ಬಸ ಇದ್ದವರಿಗೆ

ಥಂಡಿ ಗಾಳಿಗೆ ಎದೆ ಗೊರಗುಟ್ಟುವವರು ಇಲ್ಲಿ ಕಡಿಮೆಯಿಲ್ಲ, ಅವರು ಆಟ ಬಿಡಬೇಕಾಗಿಯೂ ಇಲ್ಲ. ಸಾಲ್ಬುಟಮಾಲ್ ಅನ್ನು ಇನ್‌ಹೇಲರ್‌ನಲ್ಲಿ ಎಳೆದುಕೊಳ್ಳುವುದಕ್ಕೆ ಅನುಮತಿಯಿದೆ: 24 ಗಂಟೆಯಲ್ಲಿ 1600 ಮೈಕ್ರೋಗ್ರಾಂವರೆಗೆ, ಅದರಲ್ಲೂ ಯಾವುದೇ 8 ಗಂಟೆಯಲ್ಲಿ 600 ಮೀರದಂತೆ. ಒಂದು ಪಫ್‌ಗೆ 100 ಮೈಕ್ರೋಗ್ರಾಂ ಇರುವ ಇನ್‌ಹೇಲರ್ ಆದರೆ 8 ಗಂಟೆಗೆ 6 ಪಫ್. ಅದೇ ಸಾಲ್ಬುಟಮಾಲ್ ಮಾತ್ರೆ ಅಥವಾ ಸಿರಪ್ ರೂಪದಲ್ಲಿ ನಿಷಿದ್ಧ. ಹೆಸರಿನ ಮುಂದೆ 'ಲೀವೊ' ಅಂತ ಸೇರಿದ್ದರೆ ನಾಡಾವನ್ನು ಕೇಳದೆ ಬಳಸಬೇಡಿ.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ನೆಬ್ಯುಲೈಸರ್‌ನಲ್ಲಿ. ರಾತ್ರಿ ಉಸಿರು ಸಿಕ್ಕಿಕೊಂಡು ಆಸ್ಪತ್ರೆಗೆ ಹೋದರೆ ಹೊಗೆಯಂತೆ ಎಳೆಸುವ ಆ ಪುಟ್ಟ ಪ್ಲಾಸ್ಟಿಕ್ ಕೊಳವೆಯಲ್ಲಿ ಸಾಮಾನ್ಯವಾಗಿ 2.5 ಮಿ.ಗ್ರಾಂ ಸಾಲ್ಬುಟಮಾಲ್ ಇರುತ್ತದೆ, ಎಂದರೆ 2500 ಮೈಕ್ರೋಗ್ರಾಂ. ಒಂದೇ ಸಲಕ್ಕೆ ದಿನದ ಮಿತಿ ದಾಟಿತು. ಹಾಗೆಂದು ಉಸಿರಿಗೆ ಒದ್ದಾಡುವಾಗ ನೆಬ್ಯುಲೈಸರ್ ಬೇಡ ಅನ್ನಬೇಡಿ, ಜೀವ ಮೊದಲು. ದಾಖಲಾದ ಚೀಟಿ, ಆಮ್ಲಜನಕದ ಪ್ರಮಾಣ ಬರೆದ ಹಾಳೆ, ಕೊಟ್ಟ ಔಷಧದ ವಿವರ ಇಷ್ಟನ್ನೂ ಇಸಿದುಕೊಂಡು ಚಿಕಿತ್ಸಾ ವಿನಾಯಿತಿಗೆ ಕೂಡಲೇ ಅರ್ಜಿ ಹಾಕಿ.

ಈ ವಿನಾಯಿತಿಯ ಹೆಸರು ಟಿಯುಇ. ಕಾಯಿಲೆ ನಿಜವಾಗಿದ್ದು, ನಿಷೇಧವಿಲ್ಲದ ಬೇರೆ ಔಷಧ ಆಗಿಬರದಿದ್ದರೆ ಸಿಗುತ್ತದೆ. ಮಧುಮೇಹಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳುವ ಹುಡುಗನಿಗೂ ಇದು ಬೇಕು. ಪಂದ್ಯಕ್ಕೆ ಕನಿಷ್ಠ 30 ದಿನ ಮುಂಚೆ ನಾಡಾಕ್ಕೆ ಅರ್ಜಿ ಹೋಗಬೇಕು. ತುರ್ತು ಚಿಕಿತ್ಸೆಯಾದರೆ ನಂತರವೂ ಹಾಕಬಹುದು. ಅರ್ಜಿಗಳು ಬೀಳುವುದು ಬಹುತೇಕ ದಾಖಲೆಯ ಕೊರತೆಯಿಂದ. ಉಬ್ಬಸಕ್ಕೆ ಬರೀ ಡಾಕ್ಟರ ಪತ್ರ ಸಾಲದು, ಊದಿಸಿ ಉಸಿರಿನ ಬಲ ಅಳೆಯುವ ಸ್ಪೈರೋಮೆಟ್ರಿ ವರದಿ ಲಗತ್ತಿಸಿ.

ಡ್ರಿಪ್, ಇಂಜೆಕ್ಷನ್, ತೂಕ ಇಳಿಸುವ ಮಾತ್ರೆ

ಸುಸ್ತಾದರೆ "ಒಂದು ಬಾಟಲಿ ಹಾಕಿಸೋಣ" ಅನ್ನುವುದು ನಮ್ಮೂರುಗಳ ಹಳೇ ಚಾಳಿ. 12 ಗಂಟೆಯಲ್ಲಿ 100 ಮಿ.ಲೀ.ಗಿಂತ ಹೆಚ್ಚು ದ್ರವವನ್ನು ರಕ್ತನಾಳಕ್ಕೆ ಏರಿಸುವುದೇ ನಿಷಿದ್ಧ, ಒಳಗಿರುವುದು ಬರೀ ಗ್ಲೂಕೋಸ್ ನೀರಾದರೂ. ಅಂಗಡಿಯ ಬಾಟಲಿ 500 ಮಿ.ಲೀ.ಯದು. ಕಾರಣ ಸರಳ: ಹಾಗೆ ನೀರು ಏರಿಸಿ ಮೂತ್ರವನ್ನೂ ರಕ್ತವನ್ನೂ ತೆಳುಮಾಡಿ ಮದ್ದನ್ನು ಮುಚ್ಚಿಡಬಹುದು. ಮಂಗನ ಕಾಯಿಲೆಯೋ ಡೆಂಗಿಯೋ ಬಂದು ಆಸ್ಪತ್ರೆಗೆ ದಾಖಲಾಗಿ ಡ್ರಿಪ್ ಹಾಕಿಸಿಕೊಂಡರೆ ತಪ್ಪಿಲ್ಲ. ಡಿಸ್ಚಾರ್ಜ್ ಸಾರಾಂಶ ಜೋಪಾನವಾಗಿಡಿ.

ಅಖಾಡದ ಹುಡುಗರು ತೂಕದ ವರ್ಗಕ್ಕೆ ಇಳಿಯಲು ನುಂಗುವ 'ಮೂತ್ರ ಹೋಗೋ ಮಾತ್ರೆ', ಫ್ಯೂರೊಸೆಮೈಡ್ ಅಥವಾ ಹೈಡ್ರೋಕ್ಲೋರೊಥಯಜೈಡ್, ವರ್ಷವಿಡೀ ನಿಷಿದ್ಧ. ಅಜ್ಜನ ಬಿಪಿ ಮಾತ್ರೆಯ ಡಬ್ಬಿಯಲ್ಲೇ ಇವು ಇರುತ್ತವೆ. ನೀರಿನ ಜೊತೆ ಪೊಟ್ಯಾಸಿಯಂ ಕೂಡ ಹರಿದುಹೋಗಿ ಕಾಲು ಹಿಡಿದುಕೊಳ್ಳುತ್ತದೆ, ಹೃದಯದ ಬಡಿತ ತಪ್ಪಬಹುದು. ಅಂಥ ಮೈಯಲ್ಲಿ ಮಣ್ಣಿಗಿಳಿಯುವುದು ಪೈಲ್ವಾನಿಕೆಯಲ್ಲ.

ಅಲರ್ಜಿಗೋ ಜ್ವರಕ್ಕೋ ಸೊಂಟಕ್ಕೆ ಚುಚ್ಚುವ ಡೆಕ್ಸಮೆಥಸೋನ್ ಪಂದ್ಯದ ವೇಳೆ ನಿಷಿದ್ಧ. ಸ್ನಾಯುವಿಗೆ ಚುಚ್ಚಿಸಿಕೊಂಡರೆ ಮೈಯಿಂದ ಹೋಗಲು 5 ದಿನ ಬಿಡಬೇಕು, ಟ್ರಯಾಮ್ಸಿನೊಲೋನ್ ಆದರೆ 60 ದಿನ. ಡೆಕ್ಸಮೆಥಸೋನ್, ಪ್ರೆಡ್ನಿಸೋಲೋನ್ ಮಾತ್ರೆಗಳಿಗೆ 3 ದಿನ. ಚರ್ಮಕ್ಕೆ ಹಚ್ಚುವ ಮುಲಾಮಿಗೆ ತೊಂದರೆಯಿಲ್ಲ.

ಕಷಾಯ, ಲೇಹ್ಯ, ಜಿಮ್ಮಿನ ಪುಡಿ

ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಶುಂಠಿ ಹಾಕಿದ ಮನೆಯ ಕಷಾಯ ಧಾರಾಳವಾಗಿ ಕುಡಿಯಿರಿ. ಆದರೆ ಗಿಡಮೂಲಿಕೆ ಎಂದಕೂಡಲೇ ನಿರಪಾಯ ಅಂದುಕೊಳ್ಳಬೇಡಿ. ಉಬ್ಬಸದ ಆಯುರ್ವೇದ ಔಷಧಗಳಲ್ಲಿ ಬರುವ ಸೋಮಲತೆ ಎಫೆಡ್ರಾ ಜಾತಿಯ ಗಿಡ, ಅದರಲ್ಲಿ ಎಫೆಡ್ರಿನ್ ಇದೆ. ನಮ್ಮ ಕಾಡಿನ ಕಾಸರಕದ ಬೀಜದಲ್ಲಿ ಸ್ಟ್ರಿಕ್‌ನಿನ್ ಇದೆ. ಅದನ್ನು ಶುದ್ಧಿ ಮಾಡಿ ಹಾಕಿದ ವಿಷತಿಂದುಕ ವಟಿ ನರದ ನೋವಿಗೆ ಕೊಡುವುದುಂಟು. ಸ್ಟ್ರಿಕ್‌ನಿನ್ ಪಂದ್ಯದ ವೇಳೆ ನಿಷಿದ್ಧ ಉತ್ತೇಜಕ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದ ಥಾಮಸ್ ಹಿಕ್ಸ್‌ಗೆ ದಾರಿಯಲ್ಲಿ ಕೊಟ್ಟದ್ದೂ ಇದನ್ನೇ, ಆತ ಕೊನೆ ಮುಟ್ಟುವಷ್ಟರಲ್ಲಿ ಸಾಯುವ ಸ್ಥಿತಿಗೆ ಬಂದಿದ್ದ. ಲೇಬಲ್ ಇಲ್ಲದ ಪೊಟ್ಟಣ ಒಂದೇ ದಿನದಲ್ಲಿ ಮಂಡಿನೋವು ವಾಸಿ ಮಾಡಿದರೆ ಅದರಲ್ಲಿ ಸ್ಟೆರಾಯ್ಡ್ ಬೆರೆಸಿರುವ ಅನುಮಾನ ಇಟ್ಟುಕೊಳ್ಳಿ.

ಜಿಮ್ಮಿನ ಪ್ರೋಟೀನ್ ಪುಡಿ, 'ಪ್ರೀ-ವರ್ಕೌಟ್' ಬೇಕೇ ಬೇಕು ಅಂದರೆ ನಿಷೇಧಿತ ಮದ್ದಿಗೆ ಪರೀಕ್ಷಿಸಿ ಕೊಡುವ 'ಇನ್‌ಫಾರ್ಮ್ಡ್ ಸ್ಪೋರ್ಟ್'ನಂಥ ಪ್ರಮಾಣದ ಗುರುತಿದ್ದು, ಬ್ಯಾಚ್ ಸಂಖ್ಯೆ ತಾಳೆಯಾಗುವ ಡಬ್ಬಿ ಮಾತ್ರ ಕೊಳ್ಳಿ. ಎಫ್‌ಎಸ್‌ಎಸ್‌ಎಐ ಸಂಖ್ಯೆ ಆಹಾರದ ಪರವಾನಗಿ ಅಷ್ಟೆ, ಮದ್ದಿಲ್ಲ ಎಂಬ ಖಾತ್ರಿಯಲ್ಲ. ಡಬ್ಬಿಯ ಮೇಲಿನ ಘಟಕಗಳ ಪಟ್ಟಿಯಲ್ಲಿ ಮೀಥೈಲ್‌ಹೆಕ್ಸಾನಮೀನ್, ಜೆರೇನಿಯಂ ಸಾರ, ಹೈಜೆನಮೀನ್, ಓಸ್ಟರಿನ್ ಕಂಡರೆ ಅಲ್ಲೇ ಇಡಿ. ತೂಗಿ ಕವರಿಗೆ ಸುರಿದುಕೊಡುವ ಪುಡಿ ಬೇಡವೇ ಬೇಡ. ಬಿಲ್ಲು, ಖಾಲಿ ಡಬ್ಬಿ, ತಳದಲ್ಲಿ ನಾಲ್ಕು ಚಮಚ ಪುಡಿ ಎತ್ತಿಡಿ, ನಾಳೆ ವಾದ ಮಾಡಬೇಕಾಗಿ ಬಂದರೆ ಕೈಯಲ್ಲಿರುವುದು ಅದೊಂದೇ ಸಾಕ್ಷಿ. ಮೆಫೆಂಟರ್ಮಿನ್ ಇಂಜೆಕ್ಷನ್ ಆಪರೇಷನ್ ಥಿಯೇಟರಿನಲ್ಲಿ ಬಿದ್ದುಹೋದ ರಕ್ತದೊತ್ತಡ ಏರಿಸಲು ಇರುವುದು. ಅದನ್ನು ವ್ಯಾಯಾಮಕ್ಕೆ ಮುನ್ನ ಚುಚ್ಚಿಕೊಳ್ಳಿ ಅನ್ನುವವನು ನಿಮ್ಮ ಹಿತೈಷಿಯಲ್ಲ.

"ಎಲ್ಲರಿಗೂ ಬಿಟ್ಟುಬಿಡಬಾರದೇ?"

ಇಷ್ಟೆಲ್ಲ ತಾಪತ್ರಯ ಯಾಕೆ, ಮದ್ದನ್ನು ಕಾನೂನುಬದ್ಧ ಮಾಡಿ ಡಾಕ್ಟರ ಕಣ್ಗಾವಲಲ್ಲಿ ಕೊಟ್ಟರೆ ಎಲ್ಲರೂ ಸಮಾನರಲ್ಲವೇ ಎಂದು ಓದಿಕೊಂಡವರೇ ಕೇಳುತ್ತಾರೆ. ಮದ್ದು ತೆಗೆದುಕೊಂಡೇ ಸ್ಪರ್ಧಿಸಬಹುದಾದ 'ಎನ್‌ಹ್ಯಾನ್ಸ್ಡ್ ಗೇಮ್ಸ್' ಎಂಬ ಕೂಟವನ್ನೇ ಅಮೆರಿಕದ ಲಾಸ್ ವೇಗಸ್‌ಗೆ ಘೋಷಿಸಿದ್ದೂ ಆಯಿತು. ನಮ್ಮ ಉತ್ತರ ಸ್ಪಷ್ಟ: ಬಿಡಬಾರದು. ಬಿಟ್ಟ ಮರುದಿನ ತೀರ್ಮಾನ ಆಟಗಾರನ ಕೈಯಲ್ಲಿ ಇರುವುದಿಲ್ಲ. ಪಕ್ಕದವನು ತೆಗೆದುಕೊಂಡ ಎಂದಾದಮೇಲೆ ನೀವೂ ತೆಗೆದುಕೊಳ್ಳಬೇಕು, ಇಲ್ಲ ಮನೆಗೆ ಹೋಗಬೇಕು. ಒಂದು ಸರ್ಟಿಫಿಕೇಟಿನಿಂದ ಸ್ಪೋರ್ಟ್ಸ್ ಕೋಟಾದ ಪೊಲೀಸ್ ಕೆಲಸವೋ ರೈಲ್ವೆ ಕೆಲಸವೋ ಸಿಗುತ್ತದೆ ಎಂದು ಅಡಿಕೆ ಕೊಯ್ಲಿನ ಕೂಲಿಯಲ್ಲಿ ಮಗಳನ್ನು ಕ್ರೀಡಾ ಹಾಸ್ಟೆಲಿಗೆ ಕಳಿಸಿದ ಮನೆಯಲ್ಲಿ "ಬೇಡ" ಅನ್ನುವ ಧೈರ್ಯ ಯಾರಿಗಿದ್ದೀತು?

ಇದು ಊಹೆಯಲ್ಲ. ಪೂರ್ವ ಜರ್ಮನಿಯ ಸರ್ಕಾರ 1970ರ ದಶಕದಿಂದ ವೈದ್ಯರ ಕೈಯಲ್ಲೇ, ಡೋಸ್ ಬರೆದಿಟ್ಟು, ಓರಲ್-ಟ್ಯುರಿನಾಬೋಲ್ ಎಂಬ ಸ್ಟೆರಾಯ್ಡ್ ಮಾತ್ರೆ ಹಂಚಿತು. ಹದಿಹರೆಯದ ಹುಡುಗಿಯರಿಗೆ ಅದು ವಿಟಮಿನ್ ಎಂದು ಹೇಳಲಾಗಿತ್ತು. ಧ್ವನಿ ಗಡಸಾಯಿತು, ಮೈಮೇಲೆ ಕೂದಲು ಬಂತು, ಯಕೃತ್ತು ಕೆಟ್ಟಿತು. 2000ದಲ್ಲಿ ಬರ್ಲಿನ್ ನ್ಯಾಯಾಲಯ ಆ ವ್ಯವಸ್ಥೆಯ ಮುಖ್ಯಸ್ಥರನ್ನು ತಪ್ಪಿತಸ್ಥರೆಂದಿತು. ಗಡಸಾದ ಧ್ವನಿ ಮರಳಲಿಲ್ಲ. ಬೆಳೆಯುವ ವಯಸ್ಸಿನಲ್ಲಿ ಸ್ಟೆರಾಯ್ಡ್ ಬಿದ್ದರೆ ಎಲುಬಿನ ತುದಿ ಬೇಗ ಕೂಡಿಕೊಂಡು ಎತ್ತರ ನಿಂತುಹೋಗುತ್ತದೆ, ಇದು ಗಂಡುಹುಡುಗರಿಗೂ ಸೇರಿದ ಮಾತು. 2023ರಲ್ಲಿ ಭಾರತದ 5606 ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ವಸ್ತು ಸಿಕ್ಕಿತು. ಇವೆಲ್ಲ ಕೆಮ್ಮಿನ ಸಿರಪ್ಪಿನಿಂದ ಬಂದದ್ದಲ್ಲ. ಅಪ್ರಾಪ್ತರಿಗೆ ಮದ್ದು ಕೊಟ್ಟ ಕೋಚ್‌ಗೆ ಆಜೀವ ನಿಷೇಧದವರೆಗೂ ಶಿಕ್ಷೆಯಿದೆ. ಕೊಟ್ಟವರ ಹೆಸರನ್ನು ನಾಡಾಕ್ಕೆ ತಿಳಿಸಲು ಪಾಲಕರು ಹಿಂಜರಿಯಬಾರದು.

ಪರೀಕ್ಷೆಯ ದಿನ

ಪಂದ್ಯ ಮುಗಿದಾಗ ಗುರುತಿನ ಚೀಟಿ ಹಾಕಿಕೊಂಡವರು ಬಂದು ಹೆಸರು ಕರೆದರೆ ಸಹಿ ಮಾಡಿ. ಅಲ್ಲಿಂದ ಮುಂದೆ ಅವರ ಕಣ್ಣಳತೆಯಲ್ಲೇ ಇರಬೇಕು. ತಪ್ಪಿಸಿಕೊಂಡು ಬಸ್ ಹತ್ತಿದರೆ ಪರೀಕ್ಷೆ ನಿರಾಕರಿಸಿದಂತೆ, ಅದಕ್ಕೂ 4 ವರ್ಷದವರೆಗೆ ನಿಷೇಧ. ಜೊತೆಗೊಬ್ಬರನ್ನು ಕರೆದುಕೊಂಡು ಹೋಗುವ ಹಕ್ಕಿದೆ, ಭಾಷೆ ತಿಳಿಯದಿದ್ದರೆ ಕನ್ನಡದಲ್ಲಿ ವಿವರಿಸುವವರನ್ನು ಕೇಳಬಹುದು. 18 ತುಂಬದವರು ಒಬ್ಬರೇ ಹೋಗಬೇಡಿ.

ಗಾಬರಿಯಲ್ಲಿ ಎರಡು ಲೀಟರ್ ನೀರು ಕುಡಿಯುವುದು ಎಲ್ಲರೂ ಮಾಡುವ ತಪ್ಪು. ಮೂತ್ರ ಕನಿಷ್ಠ 90 ಮಿ.ಲೀ. ಬೇಕು, ಸಾಂದ್ರತೆ ಕನಿಷ್ಠ 1.005 ಇರಬೇಕು. ತೀರಾ ತೆಳುವಾದರೆ ಮತ್ತೆ ಕೊಡಬೇಕಾಗಿ ಬಂದು ರಾತ್ರಿಯವರೆಗೆ ಕೂರುತ್ತೀರಿ. ಸೀಲ್ ಒಡೆಯದ ಬಾಟಲಿಯನ್ನು ನೀವೇ ಆರಿಸಿ ತೆರೆದು, ಗುಟುಕು ಗುಟುಕಾಗಿ ಕುಡಿಯಿರಿ. ಗೆಳೆಯ ಕೊಟ್ಟ ನೀರು ಬೇಡ.

ಕೈ ತೊಳೆದು, ಇಟ್ಟಿರುವ ಪಾತ್ರೆಗಳಲ್ಲಿ ಒಂದನ್ನು ನೀವೇ ಆರಿಸಿ. ಎದೆಯಿಂದ ತೊಡೆಯ ನಡುವಿನವರೆಗೆ ಬಟ್ಟೆ ಸರಿಸಬೇಕಾಗುತ್ತದೆ, ನೋಡುವವರು ನಿಮ್ಮದೇ ಲಿಂಗದವರಾಗಿರಬೇಕು. ಹುಡುಗಿಯರಿಗೆ ಇದನ್ನು ಮೊದಲೇ ಹೇಳಿಡಿ, ಅಲ್ಲಿ ಹೋಗಿ ತಿಳಿದರೆ ಮುಜುಗರಕ್ಕೆ ಅಳು ಬರುತ್ತದೆ. ನಂತರ ಎರಡು ಗಾಜಿನ ಬಾಟಲಿ: 'ಬಿ'ಗೆ ಕನಿಷ್ಠ 30 ಮಿ.ಲೀ., 'ಎ'ಗೆ ಕನಿಷ್ಠ 60. ಸುರಿಯುವವರೂ ನೀವೇ, ಮುಚ್ಚಳ ಟಿಕ್ ಟಿಕ್ ಸದ್ದು ನಿಲ್ಲುವವರೆಗೆ ತಿರುಗಿಸುವವರೂ ನೀವೇ. ತಲೆಕೆಳಗು ಮಾಡಿ ಸೋರುತ್ತದೆಯೇ ನೋಡಿ. ಬಾಟಲಿ, ಮುಚ್ಚಳ, ಫಾರಂ ಮೂರರ ಸಂಖ್ಯೆಯೂ ಒಂದೇ ಎಂದು ಗಟ್ಟಿಯಾಗಿ ಓದಿ. ಕಳೆದ 7 ದಿನದಲ್ಲಿ ತೆಗೆದುಕೊಂಡ ಮಾತ್ರೆ, ಸಿರಪ್, ಪುಡಿ, ವಟಿ ಎಲ್ಲವನ್ನೂ ಬರೆಸಿ. ಮುಚ್ಚಿಟ್ಟರೆ ಮುಂದೆ ಹೇಳುವ ಯಾವ ಮಾತೂ ನಿಲ್ಲುವುದಿಲ್ಲ. ಏನಾದರೂ ಸರಿಯಿಲ್ಲ ಅನ್ನಿಸಿದರೆ ಷರಾದ ಜಾಗದಲ್ಲಿ ಬರೆದೇ ಸಹಿ ಹಾಕಿ.

'ಎ' ಮಾದರಿಯಲ್ಲಿ ಏನಾದರೂ ಸಿಕ್ಕರೆ 'ಬಿ' ಬಾಟಲಿಯನ್ನು ನಿಮ್ಮೆದುರೇ ತೆರೆಸಿ ಪರೀಕ್ಷಿಸಲು ಕೇಳಬಹುದು. ಮಾದರಿಯನ್ನು 10 ವರ್ಷದವರೆಗೂ ಇಟ್ಟು ಮತ್ತೆ ಪರೀಕ್ಷಿಸಬಹುದಾದ್ದರಿಂದ ಫಾರಂನ ನಿಮ್ಮ ಪ್ರತಿಯೂ ಅಷ್ಟು ವರ್ಷ ಬಾಳಬೇಕು. ಮಳೆಗಾಲದ ತೇವಕ್ಕೆ ಆ ತೆಳು ಹಾಳೆಯ ಅಕ್ಷರ ಮಾಸುತ್ತದೆ. ಅದೇ ದಿನ ಫೋಟೋ ತೆಗೆದು, ಒಂದು ಜೆರಾಕ್ಸ್ ಮಾಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮನೆಯ ಪಹಣಿ ಪತ್ರಗಳ ಜೊತೆಗೆ ಇಡಿ.