ಡೌನ್‌ಲೋಡ್ ಆದ ಫೈಲ್ ಬ್ಲಾಕ್ ಆಗಿದೆಯೇ? ಬಿಡಿಸುವುದು ಹೀಗೆ

ಇಂಟರ್ನೆಟ್‌ನಿಂದ ಒಂದು ಕೈಪಿಡಿ ಇಳಿಸಿಕೊಂಡಿರಿ ಅನ್ನಿ. ಸಿಎಚ್‌ಎಂ ಫೈಲ್, ಅಂದರೆ ವಿಂಡೋಸ್‌ನ ಸಹಾಯ ಪುಟಗಳನ್ನು ಒಟ್ಟು ಮಾಡಿಟ್ಟ ಫೈಲ್. ತೆರೆದರೆ ಎಡಗಡೆ ಅಧ್ಯಾಯಗಳ ಹೆಸರು ಸಾಲಾಗಿ ಇವೆ, ಬಲಗಡೆ ಪುಟ ಮಾತ್ರ ಖಾಲಿ. ಫೈಲೇ ಕೆಟ್ಟಿದೆ ಅಂದುಕೊಂಡು ಸುಮ್ನೆ ಮತ್ತೆ ಮತ್ತೆ ಡೌನ್‌ಲೋಡ್ ಮಾಡಬೇಡಿ. ವಿಂಡೋಸ್ ಅದನ್ನು ತಡೆದಿರುವ ಸಾಧ್ಯತೆಯೇ ಜಾಸ್ತಿ.

ಹೊರಗಿನಿಂದ ಬಂದ ಫೈಲ್‌ಗೆ ಬ್ರೌಸರ್ ಕಣ್ಣಿಗೆ ಕಾಣದ ಒಂದು ಚೀಟಿ ಅಂಟಿಸುತ್ತದೆ. ಅದರ ಹೆಸರು ‘ಝೋನ್ ಐಡೆಂಟಿಫೈಯರ್’. ಅದರಲ್ಲಿ ಝೋನ್ ಐಡಿ 3 ಅಂತಿದ್ದರೆ ಫೈಲ್ ಇಂಟರ್ನೆಟ್‌ನಿಂದ ಬಂದದ್ದು. ಎಷ್ಟೋ ಸಲ ಇಳಿಸಿಕೊಂಡ ವಿಳಾಸವೂ ಅಲ್ಲೇ ಬರೆದಿರುತ್ತದೆ. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಜೊತೆ ಬಂದ ಕಾವಲು ಇದು. ಕಾವಲು ತೆಗೆಯುವ ಮೊದಲು ಫೈಲ್ ಕಳಿಸಿದವರು ಯಾರು ಅನ್ನುವುದು ಖಚಿತವಾಗಿರಬೇಕು. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಆಂಟಿವೈರಸ್‌ನಿಂದ ಒಮ್ಮೆ ಸ್ಕ್ಯಾನ್ ಮಾಡಿಸಿ. ಈ ಹೆಜ್ಜೆ ದಯವಿಟ್ಟು ಬಿಡಬೇಡಿ.

ಇನ್ನು ಬಿಡಿಸುವ ಕೆಲಸ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆಯಿರಿ. ‘ಜನರಲ್’ ಟ್ಯಾಬ್‌ನ ತಳದಲ್ಲಿ ‘ಸೆಕ್ಯುರಿಟಿ’ ಅಂತ ಒಂದು ಸಾಲಿದೆ. ಈ ಫೈಲ್ ಬೇರೆ ಕಂಪ್ಯೂಟರ್‌ನಿಂದ ಬಂದಿದೆ ಎಂದು ಅಲ್ಲಿ ಬರೆದಿರುತ್ತದೆ. ಪಕ್ಕದ ‘ಅನ್‌ಬ್ಲಾಕ್’ ಚೌಕಕ್ಕೆ ಟಿಕ್ ಹಾಕಿ, ‘ಓಕೆ’ ಒತ್ತಿ. ಈಗ ಕೈಪಿಡಿ ತೆರೆದು ನೋಡಿ, ಬಲಗಡೆ ಪುಟ ತುಂಬಿರುತ್ತದೆ.

ಜಿಪ್ ಫೈಲ್ ಆದರೆ ಒಂದು ಸಂಗತಿ ನೆನಪಿರಲಿ: ಬಿಚ್ಚುವ ಮೊದಲೇ ಜಿಪ್ ಅನ್ನು ಅನ್‌ಬ್ಲಾಕ್ ಮಾಡಿ. ಅನ್‌ಬ್ಲಾಕ್ ಮಾಡದೆ ಬಿಚ್ಚಿದರೆ ಚೀಟಿ ಒಳಗಿನ ಫೈಲ್‌ಗಳಿಗೂ ಅಂಟಿಕೊಳ್ಳುತ್ತದೆ. ಆಮೇಲೆ ನೂರು ಫೈಲ್‌ಗೆ ನೂರು ಸಲ ಟಿಕ್ ಹಾಕುತ್ತಾ ಕೂರಬೇಕು, ಅಲ್ವಾ? ಆಗಲೇ ಬಿಚ್ಚಿಬಿಟ್ಟಿದ್ದರೆ ಅದನ್ನು ಅಳಿಸಿ, ಜಿಪ್‌ನಿಂದಲೇ ಮತ್ತೆ ಶುರು ಮಾಡುವುದು ಸುಲಭ. ಪವರ್‌ಶೆಲ್ ಬಳಸಿ ಗೊತ್ತಿದ್ದವರಿಗೆ ‘ಅನ್‌ಬ್ಲಾಕ್-ಫೈಲ್’ ಕಮಾಂಡ್ ಇದೆ. ಇಡೀ ಫೋಲ್ಡರ್ ಒಂದೇ ಏಟಿಗೆ ಮುಗಿಯುತ್ತದೆ.

ಮ್ಯಾಕ್ರೋ (ಫೈಲ್ ಒಳಗೇ ಇರುವ ಪುಟ್ಟ ಪ್ರೋಗ್ರಾಂ) ಇರುವ ವರ್ಡ್, ಎಕ್ಸೆಲ್ ಫೈಲ್‌ಗಳ ವಿಷಯದಲ್ಲಿ ಇನ್ನಷ್ಟು ಹುಷಾರಾಗಿರಿ. ಇಂಟರ್ನೆಟ್‌ನಿಂದ ಬಂದ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ. ಮೇಲಿನ ಟಿಕ್ ಅದನ್ನೂ ಬಿಡಿಸುತ್ತದೆ. ಬಿಲ್ ಕಳಿಸಿದ್ದೇವೆ, ಅನ್‌ಬ್ಲಾಕ್ ಮಾಡಿ ನೋಡಿ ಎಂದು ಗುರುತಿಲ್ಲದವರು ಬರೆದಿದ್ದರೆ ಫೈಲ್ ಅನ್ನು ತಕ್ಷಣ ಅಳಿಸಿ.

‘ಅನ್‌ಬ್ಲಾಕ್’ ಚೌಕವೇ ಕಾಣದಿದ್ದರೆ ಸಾಮಾನ್ಯವಾಗಿ ಆ ಫೈಲ್‌ಗೆ ಚೀಟಿಯೇ ಇರುವುದಿಲ್ಲ. ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್ 32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ ದಾಟಿ ಬಂದ ಫೈಲ್‌ನಲ್ಲಿ ಅದು ಉಳಿಯುವುದಿಲ್ಲ. ಆಗಲೂ ಫೈಲ್ ತೆರೆಯದಿದ್ದರೆ ತೊಂದರೆ ಬೇರೆ ಕಡೆ ಇದೆ.